ಮನೆಯ ತೊಂದರೆ ಒಂದು, ಮಾರುವ ಮದ್ದು ಇನ್ನೊಂದು

ಮಾಳಿಗೆಯ ಮೇಲೆ ಸೋಲಾರ್ ಹಾಕಿಸಿಕೊಂಡರೆ ಕರೆಂಟ್ ಬಿಲ್ ಸೊನ್ನೆಯಾಗುತ್ತದೆ ಎಂಬ ಮಾತು ಈಗ ಎಲ್ಲ ಕಡೆ ಕೇಳಿಬರುತ್ತಿದೆ. ಕೇಂದ್ರ ಸರ್ಕಾರ 2024ರ ಫೆಬ್ರುವರಿಯಲ್ಲಿ ಪಿಎಂ ಸೂರ್ಯಘರ್ ಯೋಜನೆ ತಂದು, ಒಂದು ಕೋಟಿ ಮನೆಗಳ ಗುರಿ ಇಟ್ಟುಕೊಂಡು, ಮೂರು ಕಿಲೋವಾಟ್ ಹಾಕಿಸಿದವರಿಗೆ 78,000 ರೂಪಾಯಿ ಸಹಾಯಧನ ಘೋಷಿಸಿದ ಮೇಲಂತೂ ಈ ಮಾತಿಗೆ ಸರ್ಕಾರದ ಮುದ್ರೆಯೂ ಬಿದ್ದಿದೆ. ಆದರೆ ಗದಗ ಜಿಲ್ಲೆಯ ಬಿಂಕದಕಟ್ಟಿಯಲ್ಲಾಗಲಿ, ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಹಳ್ಳಿಗಳಲ್ಲಾಗಲಿ ಸಾಮಾನ್ಯ ಮನೆಯೊಂದರ ಬಿಲ್ ತೆಗೆದು ನೋಡಿದರೆ ಈ ಭರವಸೆಗೆ ನೆಲೆಯೇ ಸಿಗುವುದಿಲ್ಲ. ರಾಜ್ಯದ ಉಚಿತ ವಿದ್ಯುತ್ ಯೋಜನೆಯಾದ ಗೃಹಜ್ಯೋತಿಯಿಂದ 2023ರ ಆಗಸ್ಟ್‌ನಿಂದಲೇ ಆ ಬಿಲ್ ಸೊನ್ನೆಯಾಗಿದೆ, ಇಲ್ಲವೇ ಅದರ ಹತ್ತಿರ ಬಂದಿದೆ. ಮನೆಗೆ ಯಾವ ತೊಂದರೆ ಇದೆಯೋ ಅದನ್ನು ಕೇಳದೆ, ಇಲ್ಲದ ತೊಂದರೆಗೆ ದುಬಾರಿ ಪರಿಹಾರ ಮಾರಲಾಗುತ್ತಿದೆ ಎಂಬುದೇ ನನ್ನ ತಕರಾರು. ಸೋಲಾರ್ ಬಗ್ಗೆ ನನಗೆ ಯಾವ ವಿರೋಧವೂ ಇಲ್ಲ. ಯಾವ ಮನೆಗೆ, ಯಾವ ಅಳತೆಯಲ್ಲಿ, ಯಾವುದರ ನಂತರ ಎಂಬ ಪ್ರಶ್ನೆ ಕೇಳದೆ ಲಕ್ಷಗಟ್ಟಲೆ ಸಾಲಕ್ಕೆ ಸಹಿ ಹಾಕುವುದರ ಬಗ್ಗೆ ಮಾತ್ರ ಅನುಮಾನವಿದೆ.

ಲೆಕ್ಕದಿಂದಲೇ ಶುರು ಮಾಡೋಣ. ಗೃಹಜ್ಯೋತಿ ಜಾರಿಯಾದಾಗ, ಹಿಂದಿನ ಬಳಕೆಯ ದಾಖಲೆ ಇಲ್ಲದ ಹೊಸ ಮನೆಗಳಿಗೂ ಬಾಡಿಗೆದಾರರಿಗೂ ಸರ್ಕಾರ ರಾಜ್ಯದ ಸರಾಸರಿ ಎಂದು ಹಿಡಿದದ್ದು ತಿಂಗಳಿಗೆ 53 ಯೂನಿಟ್. ನಮ್ಮ ಕಡೆಯ ಬಿಸಿಲಿನಲ್ಲಿ ಒಂದು ಕಿಲೋವಾಟ್ ಪ್ಯಾನೆಲ್ ದಿನಕ್ಕೆ ಸುಮಾರು ನಾಲ್ಕು ಯೂನಿಟ್ ಕೊಡುತ್ತದೆ, ತಿಂಗಳಿಗೆ 120. ಅಂದರೆ ಎಲ್ಲಕ್ಕಿಂತ ಚಿಕ್ಕದಾದ ಒಂದು ಕಿಲೋವಾಟ್ ಘಟಕವೇ ಸರಾಸರಿ ಮನೆಯ ಅಗತ್ಯದ ಎರಡು ಪಟ್ಟು. ಹೆಚ್ಚು ಪ್ರಚಾರ ಪಡೆದಿರುವ ಮೂರು ಕಿಲೋವಾಟ್ ಘಟಕ ತಿಂಗಳಿಗೆ 360 ಯೂನಿಟ್ ತಯಾರಿಸುತ್ತದೆ, ಸರಾಸರಿ ಬಳಕೆಯ ಆರೇಳು ಪಟ್ಟು. ಉಳಿದದ್ದು ಗ್ರಿಡ್‌ಗೆ ಹೋಗುತ್ತದೆ, ಅದಕ್ಕೆ ಹಣವೂ ಬರುತ್ತದೆ ನಿಜ, ಆದರೆ ನಾವು ಕೊಡುವ ದರಕ್ಕಿಂತ ಅದು ಕಡಿಮೆ. ಈ ಮಾರಾಟ ದರ ಎಷ್ಟು ಬದಲಾಗುತ್ತದೆ ಎಂಬುದಕ್ಕೆ ಕರ್ನಾಟಕದ ಇತಿಹಾಸವೇ ಸಾಕ್ಷಿ. ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ 2013ರಲ್ಲಿ ಮಾಳಿಗೆ ಸೋಲಾರ್‌ನ ಯೂನಿಟ್‌ಗೆ 9.56 ರೂಪಾಯಿ ಗೊತ್ತು ಮಾಡಿತ್ತು. ಪ್ಯಾನೆಲ್ ಬೆಲೆ ಇಳಿದಂತೆ ಹೊಸ ಗ್ರಾಹಕರ ದರವೂ ಇಳಿಯುತ್ತಾ ಬಂತು. ಇಳಿಸಿದ್ದು ತಪ್ಪು ಎನ್ನುತ್ತಿಲ್ಲ. ಹಳೆಯ ದರದ ಕಥೆ ಕೇಳಿ ಹೊಸದಾಗಿ ಹಣ ಹೂಡಬಾರದು ಎನ್ನುತ್ತಿದ್ದೇನೆ.

ಇದಕ್ಕಿಂತ ದೊಡ್ಡ ತಪ್ಪು ತಿಳಿವಳಿಕೆ ಇನ್ನೊಂದಿದೆ. ಹಳ್ಳಿಯ ಮನೆಯವರನ್ನು ಕರೆಂಟ್ ವಿಷಯದಲ್ಲಿ ಏನು ತೊಂದರೆ ಎಂದು ಕೇಳಿದರೆ ಬಿಲ್ ಎನ್ನುವವರಿಗಿಂತ ಕರೆಂಟ್ ಹೋಗುತ್ತದೆ ಎನ್ನುವವರೇ ಹೆಚ್ಚು. ಮುಂಗಾರಿಗೆ ಮುಂಚಿನ ಗಾಳಿಮಳೆಗೆ ತಂತಿ ಹರಿಯುತ್ತದೆ, ಟ್ರಾನ್ಸ್‌ಫಾರ್ಮರ್ ಸುಡುತ್ತದೆ, ದುರಸ್ತಿಗೆಂದು ಇಡೀ ದಿನ ಫೀಡರ್ ಬಂದ್ ಮಾಡುತ್ತಾರೆ. ಮಾಳಿಗೆಯ ಮೇಲೆ ಸ್ವಂತ ಸೋಲಾರ್ ಇದ್ದರೆ ಆಗಲೂ ಮನೆ ಬೆಳಗುತ್ತದೆ ಎಂದು ನಂಬಿ ಹಾಕಿಸುವವರಿದ್ದಾರೆ. ಸಹಾಯಧನದಡಿ ಸಾಮಾನ್ಯವಾಗಿ ಕೂರಿಸುವ ಆನ್‌ಗ್ರಿಡ್ ಘಟಕದಲ್ಲಿ ಹಾಗಾಗುವುದಿಲ್ಲ. ಲೈನ್‌ನಲ್ಲಿ ಕರೆಂಟ್ ಹೋದ ಕ್ಷಣವೇ ಅದರ ಇನ್‌ವರ್ಟರ್ ತಾನೂ ನಿಲ್ಲುತ್ತದೆ. ನಿಲ್ಲಲೇಬೇಕು. ಲೈನ್ ಬಂದ್ ಇದೆ ಎಂದು ನಂಬಿ ಕಂಬ ಹತ್ತಿದ ಲೈನ್‌ಮನ್ ಕೈಗೆ ನಮ್ಮ ಮಾಳಿಗೆಯ ಕರೆಂಟ್ ತಾಗಬಾರದು ಎಂಬ ಕಾರಣಕ್ಕೆ ಮಾಡಿದ ವ್ಯವಸ್ಥೆ ಅದು. ಹೀಗಾಗಿ ಮಟಮಟ ಮಧ್ಯಾಹ್ನ ಪ್ಯಾನೆಲ್ ಮೇಲೆ ಸುಡುಬಿಸಿಲು ಬೀಳುತ್ತಿದ್ದರೂ ಕೆಳಗೆ ಫ್ಯಾನ್ ತಿರುಗುವುದಿಲ್ಲ. ಕರೆಂಟ್ ಹೋದಾಗಲೂ ನಡೆಯಬೇಕೆಂದರೆ ಬ್ಯಾಟರಿ ಬೇಕು, ಅದಕ್ಕೆ ಹೊಂದುವ ಹೈಬ್ರಿಡ್ ಇನ್‌ವರ್ಟರ್ ಬೇಕು. ಸಹಾಯಧನ ಲೆಕ್ಕವಾಗುವುದು ಪ್ಯಾನೆಲ್‌ನ ಕಿಲೋವಾಟ್ ಮೇಲೆ, ಬ್ಯಾಟರಿ ಮೇಲಲ್ಲ. ಈ ಒಂದು ಸಂಗತಿಯನ್ನು ದರಪಟ್ಟಿಯ ಮೊದಲ ಸಾಲಿನಲ್ಲಿ ಕನ್ನಡದಲ್ಲಿ ದಪ್ಪ ಅಕ್ಷರದಲ್ಲಿ ಬರೆಯುವುದು ಕಡ್ಡಾಯವಾಗಬೇಕು.

ಹಾಗಾದರೆ ಇಲ್ಲಿಯ ಮನೆ ಏನು ಮಾಡಬೇಕು? ನನ್ನ ಉತ್ತರ ಬಹಳ ಸಾದಾ: ತಲೆಯ ಮೇಲೆ ತಿರುಗುವ ಫ್ಯಾನನ್ನು ಮೊದಲು ನೋಡಬೇಕು. ಹಳೆಯ ಸೀಲಿಂಗ್ ಫ್ಯಾನ್ ಒಂದು 75 ವಾಟ್ ಎಳೆಯುತ್ತದೆ. ಈಗ ಅಂಗಡಿಯಲ್ಲಿ ಸಿಗುವ ಬಿಎಲ್‌ಡಿಸಿ ಫ್ಯಾನ್ ಅಷ್ಟೇ ಗಾಳಿಗೆ 30 ವಾಟ್ ಆಸುಪಾಸಿನಲ್ಲಿ ಕೆಲಸ ಮುಗಿಸುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಗದಗಿನ ಸೆಕೆಗೆ ದಿನಕ್ಕೆ 14 ತಾಸು ಫ್ಯಾನ್ ಓಡಿತು ಎಂದಿಟ್ಟುಕೊಂಡರೆ ಒಂದೊಂದು ಫ್ಯಾನ್‌ನಿಂದ ತಿಂಗಳಿಗೆ ಸುಮಾರು 19 ಯೂನಿಟ್ ಉಳಿಯುತ್ತದೆ. ಬಿಲ್ಲೇ ಸೊನ್ನೆ ಇರುವಾಗ ಯೂನಿಟ್ ಉಳಿಸಿ ಏನು ಲಾಭ ಎಂದು ಕೇಳಬಹುದು. ಗೃಹಜ್ಯೋತಿಯ ನಿಯಮವನ್ನು ಸರಿಯಾಗಿ ಓದಿದರೆ ಲಾಭ ಎಲ್ಲಿದೆ ಎಂಬುದು ಗೊತ್ತಾಗುತ್ತದೆ. 2022-23ರ ಸರಾಸರಿ ಬಳಕೆಗೆ ಒಂದಿಷ್ಟು ಹೆಚ್ಚುವರಿ ಸೇರಿಸಿ ಪ್ರತಿ ಮನೆಗೂ ಒಂದು ಮಿತಿ ಇಟ್ಟಿದ್ದಾರೆ. ಮಿತಿ ದಾಟಿದರೂ 200 ಯೂನಿಟ್‌ನ ಒಳಗಿದ್ದರೆ ದಾಟಿದ ಯೂನಿಟ್‌ಗಳಿಗೆ ಮಾತ್ರ ಹಣ. 200 ದಾಟಿದರೆ ಆ ತಿಂಗಳ ಇಡೀ ಬಿಲ್ ಕಟ್ಟಬೇಕು. 150 ಯೂನಿಟ್ ಮಿತಿಯ ಮನೆಯೊಂದು ಬೇಸಿಗೆಯಲ್ಲಿ 195 ಯೂನಿಟ್ ಬಳಸಿದರೆ, 2025-26ರ 5.80 ರೂಪಾಯಿ ದರದಲ್ಲಿ, 45 ಯೂನಿಟ್‌ಗೆ 261 ರೂಪಾಯಿ. ಅದೇ ಮನೆ 205 ಬಳಸಿದರೆ ಯೂನಿಟ್ ಲೆಕ್ಕದಲ್ಲೇ 1,189 ರೂಪಾಯಿ, ಅದರ ಮೇಲೆ ನಿಗದಿತ ಶುಲ್ಕ, ತೆರಿಗೆ. ಹತ್ತೇ ಯೂನಿಟ್ ಅಂತರಕ್ಕೆ ಒಂಬೈನೂರು ರೂಪಾಯಿಗೂ ಮೇಲೆ. ಈ ಗೆರೆಯ ಆಚೆ ಈಚೆ ಇರುವ ಮನೆಗಳಿಗೆ ಎರಡು ಲಕ್ಷದ ಪ್ಯಾನೆಲ್ ಬೇಕಾಗಿಲ್ಲ, ಮೂರು ಸಾವಿರದ ಒಂದು ಫ್ಯಾನ್ ಸಾಕು.

ಕರೆಂಟ್ ಹೋದಾಗಿನ ತೊಂದರೆಗೂ ಈ ಫ್ಯಾನೇ ಅರ್ಧ ಉತ್ತರ. ಅನೇಕ ಮನೆಗಳಲ್ಲಿ ಈಗಾಗಲೇ ಯುಪಿಎಸ್ ಇದೆ, ಅದರ ಕೆಳಗೆ 150 ಎಎಚ್ ಬ್ಯಾಟರಿ ಇದೆ. ಹನ್ನೆರಡು ವೋಲ್ಟ್‌ನ ಆ ಬ್ಯಾಟರಿಯಲ್ಲಿ ಹೆಸರಿಗೆ 1.8 ಯೂನಿಟ್ ಇದ್ದರೂ ನಷ್ಟವೆಲ್ಲ ಕಳೆದು ಕೈಗೆ ಸಿಗುವುದು ಹೆಚ್ಚೆಂದರೆ ಒಂದೂಕಾಲು ಯೂನಿಟ್. ಎರಡು ಹಳೆಯ ಫ್ಯಾನ್, ಮೂರು ಎಲ್‌ಇಡಿ ದೀಪ ಹಾಕಿದರೆ ಅದು ಏಳು ತಾಸು ಬರುತ್ತದೆ. ಫ್ಯಾನ್ ಎರಡನ್ನೂ ಬದಲಿಸಿದರೆ ಅದೇ ಬ್ಯಾಟರಿ ಹದಿನಾಲ್ಕು ತಾಸು ನಡೆಯುತ್ತದೆ. ಬೇಸಿಗೆಯ ಒಂದು ಇಡೀ ರಾತ್ರಿ ದಾಟುವಷ್ಟು ಹೊತ್ತು ಅದು. ಹೊಸ ಬ್ಯಾಟರಿ ಕೊಳ್ಳದೆ ಬ್ಯಾಟರಿ ಎರಡು ಪಟ್ಟಾದಂತೆ. ಬ್ಯಾಟರಿ ಹಳತಾಗಿದ್ದರೆ, ಡಿಸ್ಟಿಲ್ಡ್ ವಾಟರ್ ಹಾಕದೆ ಬಿಟ್ಟಿದ್ದರೆ ಈ ಲೆಕ್ಕ ಕೆಳಗಿಳಿಯುತ್ತದೆ ನಿಜ, ಆದರೆ ಎರಡು ಫ್ಯಾನ್‌ಗಳ ನಡುವಿನ ಅನುಪಾತ ಹಾಗೆಯೇ ಉಳಿಯುತ್ತದೆ. ಸೆಕೆಯ ಮೂಲಕ್ಕೆ ಹೋದರೆ ಇನ್ನೂ ಅಗ್ಗದ ದಾರಿ ಇದೆ. ಈ ಭಾಗದ ಹಳೆಯ ಮಣ್ಣಿನ ಮೇಲ್ಮುದ್ದೆಯ ಮನೆಗಳು ಹಗಲಿನ ಬಿಸಿಯನ್ನು ಒಳಗೆ ಬಿಡುತ್ತಿರಲಿಲ್ಲ. ಈಗಿನ ಸ್ಲ್ಯಾಬ್ ಹಗಲೆಲ್ಲ ಬಿಸಿಲು ಕುಡಿದು ರಾತ್ರಿಯೆಲ್ಲ ಕೋಣೆಯೊಳಗೆ ಕಾವು ಬಿಡುತ್ತದೆ. ಯುಗಾದಿಗೆ ಮುಂಚೆ ಮಾಳಿಗೆಗೆ ದಪ್ಪಗೆ ಎರಡು ಕೈ ಸುಣ್ಣ ಬಳಿದರೆ ಬಿಸಿಲಿನ ದೊಡ್ಡ ಭಾಗ ಮೇಲಿಂದಲೇ ವಾಪಸ್ ಹೋಗುತ್ತದೆ. ಇದಕ್ಕೆ ಜಾಹೀರಾತಿಲ್ಲ, ಏಕೆಂದರೆ ಸುಣ್ಣದಲ್ಲಿ ಯಾರಿಗೂ ದೊಡ್ಡ ಕಮಿಷನ್ ಇಲ್ಲ.

ಕೊಳ್ಳುವ ಮೊದಲು ಮನೆಗೆ ಬೇಕಾದದ್ದೇನು ಎಂದು ಕೇಳು ಎಂಬ ಈ ವಿಚಾರ ಕರ್ನಾಟಕಕ್ಕೆ ಹೊಸದಲ್ಲ. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಸ್ತ್ರ ಎಂಬ ಗ್ರಾಮೀಣ ತಂತ್ರಜ್ಞಾನ ಕೇಂದ್ರ ಕಟ್ಟಿದ ಅಮೂಲ್ಯ ರೆಡ್ಡಿ ಅವರು ಬದುಕಿನುದ್ದಕ್ಕೂ ಹೇಳಿದ್ದು ಇದನ್ನೇ: ಜನರಿಗೆ ಬೇಕಿರುವುದು ಯೂನಿಟ್ ಅಲ್ಲ, ಬೆಳಕು, ನೀರು, ಬೆಂದ ಅನ್ನ. 1980ರ ದಶಕದ ಕೊನೆಯಲ್ಲಿ ಸರ್ಕಾರಿ ಸಮಿತಿಯೊಂದು ರಾಜ್ಯಕ್ಕೆ ಮುಂದೆ ಇಷ್ಟು ವಿದ್ಯುತ್ ಬೇಕು, ಇಷ್ಟು ಸ್ಥಾವರ ಕಟ್ಟಬೇಕು ಎಂದು ದೊಡ್ಡ ಅಂದಾಜು ಕೊಟ್ಟಿತು. ಯಾವ ಕೆಲಸಕ್ಕೆ ಎಷ್ಟು ಬೇಕು ಎಂದು ತಳದಿಂದ ಎಣಿಸಿ, ದಕ್ಷ ದೀಪ, ದಕ್ಷ ಪಂಪು, ಬಿಸಿಲಿನಿಂದ ನೀರು ಕಾಯಿಸುವುದು ಇವನ್ನೆಲ್ಲ ಸೇರಿಸಿದರೆ ಆ ಅಂದಾಜಿನ ಅರ್ಧಕ್ಕಿಂತ ಕಡಿಮೆ ವಿದ್ಯುತ್ತಿನಲ್ಲಿ ಅಭಿವೃದ್ಧಿ ಸಾಧ್ಯ ಎಂದು ರೆಡ್ಡಿ ಮತ್ತು ಅವರ ಸಹೋದ್ಯೋಗಿಗಳು ತೋರಿಸಿದರು. ಅವರ ಮಾತು ಸುಳ್ಳಾಗಲಿಲ್ಲ ಎಂಬುದಕ್ಕೆ ಎಲ್‌ಇಡಿ ದೀಪವೇ ಪುರಾವೆ. 2014ರಲ್ಲಿ ಕೇಂದ್ರದ ಸಂಸ್ಥೆ ಸಗಟಾಗಿ ಕೊಳ್ಳತೊಡಗಿದಾಗ ಒಂದು ಬಲ್ಬಿಗೆ 310 ರೂಪಾಯಿ ಇತ್ತು. ಕೋಟಿಗಟ್ಟಲೆ ಒಟ್ಟಿಗೆ ಕೊಂಡದ್ದರಿಂದ ಎರಡು ವರ್ಷದಲ್ಲಿ ಅದು 38 ರೂಪಾಯಿಗೆ ಬಂತು. ಕರ್ನಾಟಕದಲ್ಲಿ ‘ಹೊಸ ಬೆಳಕು’ ಎಂಬ ಹೆಸರಿನಲ್ಲಿ ಅದೇ ಬಲ್ಬ್ ಮನೆಮನೆಗೆ ಬಂತು. 60 ವಾಟ್ ಬುರುಡೆಯ ಜಾಗದಲ್ಲಿ 9 ವಾಟ್. ಯಾವ ಮನೆಯೂ ಅದಕ್ಕಾಗಿ ಸಾಲ ಮಾಡಲಿಲ್ಲ, ಮಾಳಿಗೆ ಕೊರೆಯಲಿಲ್ಲ, ಇಪ್ಪತ್ತೈದು ವರ್ಷದ ವಾರಂಟಿ ಕಾಗದ ಕಾಯ್ದಿಡಲಿಲ್ಲ.

ಮನೆಯ ಕೆಲಸಕ್ಕೆ ಹೊಂದದ ಯಂತ್ರ ಎಷ್ಟೇ ದಕ್ಷವಾಗಿದ್ದರೂ ಮೂಲೆ ಸೇರುತ್ತದೆ. ಇಂಡಕ್ಷನ್ ಒಲೆಯನ್ನೇ ನೋಡಿ. ಚಹಾಕ್ಕೆ, ಅನ್ನಕ್ಕೆ ಅದು ಒಳ್ಳೆಯದೇ. ಆದರೆ ನಮ್ಮ ಅಡುಗೆಮನೆಯ ಮುಖ್ಯ ಕೆಲಸ ಜೋಳದ ರೊಟ್ಟಿ. ಅದಕ್ಕೆ ಅಗಲವಾದ, ನಡುವೆ ತುಸು ತಗ್ಗಿರುವ ಕಬ್ಬಿಣದ ಹಂಚು ಬೇಕು, ಅಂಚಿನವರೆಗೂ ಹರಡುವ ಉರಿ ಬೇಕು, ಕೊನೆಗೆ ರೊಟ್ಟಿ ಉಬ್ಬಲು ನೇರ ಕೆಂಡವೋ ಉರಿಯೋ ಬೇಕು. ಇಂಡಕ್ಷನ್ ಒಲೆ ಕಾಯಿಸುವುದು ಸಪಾಟು ತಳದ ಪಾತ್ರೆಯನ್ನು, ಅದೂ ನಡುವಿನ ಒಂದು ವೃತ್ತದಲ್ಲಿ. ಇಂಥ ಮನೆಗೆ ಗ್ಯಾಸ್ ಬೇಡ, ಎಲ್ಲವನ್ನೂ ಕರೆಂಟಿಗೆ ಬದಲಿಸಿ ಎಂದು ಹೇಳುವವರು ರೊಟ್ಟಿ ಬಡಿಯುವುದನ್ನು ಒಮ್ಮೆ ಕುಳಿತು ನೋಡಬೇಕು. ಸೋಲಾರ್ ವಾಟರ್ ಹೀಟರ್‌ನದೂ ಹೀಗೇ ಇನ್ನೊಂದು ಲೆಕ್ಕ. ಬೆಂಗಳೂರು, ಧಾರವಾಡದ ತಂಪಿಗೆ ಅದು ಚೆನ್ನಾಗಿ ದುಡಿದು ತೋರಿಸಿದೆ. ಇಲ್ಲಿ ಬೇಸಿಗೆಯ ಮೂರು ತಿಂಗಳು ಬಿಸಿನೀರೇ ಬೇಡ. ಬೋರ್‌ವೆಲ್ ನೀರು ಗಡಸು. ಕೊಳವೆಯೊಳಗೆ ಸುಣ್ಣ ಕಟ್ಟಿ ಕೆಲವೇ ವರ್ಷಗಳಲ್ಲಿ ಕಾವು ಕಡಿಮೆಯಾಗುತ್ತದೆ. ನದಿ ನೀರು ಬರುವ ಮನೆಗೆ, ಎಂಟು-ಹತ್ತು ಜನರ ಕೂಡುಕುಟುಂಬಕ್ಕೆ ಅದು ತಕ್ಕುದು. ಬೋರ್ ನೀರಿನ ಚಿಕ್ಕ ಮನೆಗೆ ಅಷ್ಟಾಗಿ ಅಲ್ಲ.

ಕುಡಿಯುವ ನೀರಿನ ಆರ್‌ಒ ಯಂತ್ರದಲ್ಲಿ ಇದೇ ಪ್ರಶ್ನೆ ಇನ್ನೂ ತೀಕ್ಷ್ಣವಾಗುತ್ತದೆ. ಗದಗ-ಬೆಟಗೇರಿಯಲ್ಲಿ ನಲ್ಲಿ ನೀರು ಬರುವುದು ವಾರಕ್ಕೊಮ್ಮೆ, ಹತ್ತು ದಿನಕ್ಕೊಮ್ಮೆ. ಅಂಥ ಊರಿನಲ್ಲಿ ಒಂದು ಲೀಟರ್ ಶುದ್ಧ ನೀರಿಗೆ ಎರಡು-ಮೂರು ಲೀಟರ್ ಹೊರಚೆಲ್ಲುವ ಯಂತ್ರವನ್ನು ಬೇಕಿದ್ದರೂ ಬೇಡದಿದ್ದರೂ ಕೂರಿಸುವುದು ತುಂಬಾ ತಪ್ಪು. ನೀರಿನಲ್ಲಿ ಕರಗಿದ ಲವಣ ಲೀಟರ್‌ಗೆ 500 ಮಿಲಿಗ್ರಾಂಗಿಂತ ಕಡಿಮೆ ಇರುವಲ್ಲಿ ಆರ್‌ಒ ಬಳಕೆ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲಿ ಹೇಳಿದ್ದು ಇದೇ ಕಾರಣಕ್ಕೆ. ತುಂಗಭದ್ರೆಯ ನೀರಿಗೆ ಸೋಸಿ ಕುದಿಸುವುದೋ ಯುವಿ ಯಂತ್ರವೋ ಸಾಕು. ಅದೇ ಮುಂಡರಗಿ ಕಡೆಯ ಫ್ಲೋರೈಡ್ ನೀರಿನ ಹಳ್ಳಿಗೆ ಹೋದರೆ ಆರ್‌ಒ ಬೇಕೇ ಬೇಕು, ಏಕೆಂದರೆ ಫ್ಲೋರೈಡ್ ಕುದಿಸಿದರೆ ಹೋಗುವುದಿಲ್ಲ. ಒಂದೇ ಜಿಲ್ಲೆ, ಒಂದೇ ಯಂತ್ರ, ಎರಡು ತೀರ್ಮಾನ. ಯಾವುದು ಎಂದು ಹೇಳುವುದು ನೀರಿನ ಪರೀಕ್ಷೆ, ಅಂಗಡಿಯವರಲ್ಲ.

ಇಷ್ಟು ಹೇಳಿದ ಮೇಲೆ ಎದುರು ಬರುವ ಮಾತುಗಳಿಗೆ ಉತ್ತರ ಕೊಡಲೇಬೇಕು. ಗೃಹಜ್ಯೋತಿ ಶಾಶ್ವತವಲ್ಲ, ಸರ್ಕಾರ ಬದಲಾದರೆ ನಿಲ್ಲಬಹುದು, ಪ್ಯಾನೆಲ್ ಇಪ್ಪತ್ತೈದು ವರ್ಷ ಇರುತ್ತದೆ ಎಂಬುದು ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ. ಯೋಜನೆ ನಿಲ್ಲಬಹುದು ಎಂಬುದನ್ನು ನಾನು ಒಪ್ಪುತ್ತೇನೆ. ಆದರೂ ನಿಂತ ದಿನ 53 ಯೂನಿಟ್‌ನ ಮನೆಗೆ ಬರುವ ಬಿಲ್ ಎಷ್ಟು? ಯೂನಿಟ್ ಲೆಕ್ಕದಲ್ಲಿ 300 ರೂಪಾಯಿ ಚಿಲ್ಲರೆ. ನಿಗದಿತ ಶುಲ್ಕ ಸೋಲಾರ್ ಇದ್ದರೂ ತಪ್ಪುವುದಿಲ್ಲ. ವರ್ಷಕ್ಕೆ 3,700 ರೂಪಾಯಿ ಉಳಿಸಲು ಸಹಾಯಧನ ಕಳೆದು ಲಕ್ಷಕ್ಕೂ ಹೆಚ್ಚು ಹಣ ಮೂರು ಕಿಲೋವಾಟ್‌ಗೆ ಹಾಕುವುದು ಯಾವ ಲೆಕ್ಕಕ್ಕೂ ಕೂಡುವುದಿಲ್ಲ. ಪ್ಯಾನೆಲ್ ಇಪ್ಪತ್ತೈದು ವರ್ಷ ಬಾಳಿದರೂ ಇನ್‌ವರ್ಟರ್ ಅಷ್ಟು ಬಾಳುವುದಿಲ್ಲ, ನಡುವೆ ಒಮ್ಮೆಯಾದರೂ ಬದಲಿಸಬೇಕು. ಎರೆಮಣ್ಣಿನ ಸೀಮೆಯ ದೂಳು ಕೂತರೆ ಉತ್ಪಾದನೆ ಇಳಿಯುತ್ತದೆ. ತೊಳೆಯಲು ನೀರು ಬೇಕು, ಮಾಳಿಗೆ ಹತ್ತುವ ಕಾಲು ಬೇಕು. ಈಗ ಬಿಟ್ಟರೆ ಸಹಾಯಧನ ತಪ್ಪುತ್ತದೆ ಎಂಬ ಅವಸರದ ಮಾತೂ ಇದೆ. ಬೇಡದ ವಸ್ತುವಿಗೆ ಸಿಗುವ ರಿಯಾಯಿತಿಯನ್ನು ಉಳಿತಾಯ ಎನ್ನಲಾಗದು. ಪ್ಯಾನೆಲ್ ಬೆಲೆ ಹತ್ತು ವರ್ಷಗಳಲ್ಲಿ ಒಟ್ಟಾರೆ ಇಳಿದಿದೆ, ಆದ್ದರಿಂದ ಕಾದವರಿಗೆ ಬಹಳ ನಷ್ಟವಾಗಿಲ್ಲ.

ಯಾರಿಗೆ ಲಾಭವಿದೆ ಎಂಬುದನ್ನೂ ಅಷ್ಟೇ ನೇರವಾಗಿ ಹೇಳಬೇಕು. ಪ್ರತಿ ತಿಂಗಳೂ 300, 350 ಯೂನಿಟ್ ದಾಟುವ ದೊಡ್ಡ ಮನೆ, ಎಸಿ ಇರುವ ಮನೆ, ಹೀಗೆ ಗೃಹಜ್ಯೋತಿಯ ಆಚೆ ಇರುವವರು ಮೂರು ಕಿಲೋವಾಟ್ ಹಾಕಿಸಿದರೆ ತಿಂಗಳಿಗೆ ಎರಡು ಸಾವಿರ ಉಳಿಯುತ್ತದೆ, ಐದು ವರ್ಷದ ಆಸುಪಾಸಿನಲ್ಲಿ ಹಾಕಿದ ಹಣ ವಾಪಸ್ ಬರುತ್ತದೆ. ಅವರು ಹಾಕಿಸಿಕೊಳ್ಳಲಿ, ಇವತ್ತೇ ಹಾಕಿಸಿಕೊಳ್ಳಲಿ. ಅವರಿಗೆ ತಕ್ಕ ಲೆಕ್ಕವನ್ನು ಎಲ್ಲರ ಮನೆಗೂ ಅಂಟಿಸುವುದಕ್ಕೆ ಮಾತ್ರ ನನ್ನ ವಿರೋಧ.

ಕೊನೆಯ ಆಕ್ಷೇಪ ಪರಿಸರದ್ದು, ಅದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಎಲ್ಲರೂ ತಮ್ಮ ಬಿಲ್ ಮಾತ್ರ ನೋಡಿಕೊಂಡರೆ ರಾಯಚೂರು, ಬಳ್ಳಾರಿಯ ಕಲ್ಲಿದ್ದಲು ಸ್ಥಾವರಗಳು ಹೊಗೆ ಉಗುಳುತ್ತಲೇ ಇರುತ್ತವೆ ಎನ್ನುತ್ತಾರೆ. ಆದರೆ ಕಲ್ಲಿದ್ದಲು ಸುಡುವುದು ಯಾವ ಹೊತ್ತಿಗೆ ಎಂದೂ ಕೇಳಬೇಕು. ಮಧ್ಯಾಹ್ನ ಪಾವಗಡದಂಥ ಸೋಲಾರ್ ಪಾರ್ಕ್‌ಗಳಿಂದ ರಾಜ್ಯಕ್ಕೆ ಬೇಕಾದಷ್ಟು ಬಿಸಿಲಿನ ಕರೆಂಟ್ ಬರುತ್ತದೆ. ಕೊರತೆ ಕಾಡುವುದು ಹೊತ್ತು ಮುಳುಗಿದ ಮೇಲೆ. ಮಾಳಿಗೆಯ ಇನ್ನೊಂದು ಪ್ಯಾನೆಲ್ ಆ ಹೊತ್ತಿಗೆ ಏನೂ ಕೊಡುವುದಿಲ್ಲ. ರಾತ್ರಿಯಿಡೀ ತಿರುಗುವ ಫ್ಯಾನ್‌ನಲ್ಲಿ ಉಳಿದ 45 ವಾಟ್ ಮಾತ್ರ ನೇರವಾಗಿ ಆ ಹೊತ್ತಿನ ಕಲ್ಲಿದ್ದಲನ್ನೇ ಉಳಿಸುತ್ತದೆ. ಶುದ್ಧ ವಿದ್ಯುತ್ತಿಗಾಗಿ ಗದಗ ಜಿಲ್ಲೆ ತನ್ನ ಪಾಲನ್ನು ಮೊದಲೇ ಕೊಟ್ಟಿದೆ. ಕಪ್ಪತಗುಡ್ಡದ ಸಾಲಿನ ಉದ್ದಕ್ಕೂ ಗಾಳಿಯಂತ್ರಗಳು ನಿಂತಿವೆ, ಅವುಗಳ ರಸ್ತೆಗಾಗಿ ಗುಡ್ಡ ಕಡಿದಿದ್ದಾರೆ. ಆ ಗುಡ್ಡ 2019ರಲ್ಲಿ ವನ್ಯಜೀವಿಧಾಮವಾಗುವುದಕ್ಕೆ ಜನರು ವರ್ಷಗಟ್ಟಲೆ ಹೋರಾಡಬೇಕಾಯಿತು. ಹೀಗಿರುವಾಗ, ಪರಿಸರ ಕಾಳಜಿ ಇದ್ದರೆ ಸಾಲ ಮಾಡಿ ಪ್ಯಾನೆಲ್ ಹಾಕಿಸಿ ಎಂಬ ಒತ್ತಡವನ್ನು ಇಲ್ಲಿಯ ಬಡ ಮನೆಗಳ ಮೇಲೆ ಹೇರುವುದು ನ್ಯಾಯವಲ್ಲ.

ಸರ್ಕಾರ ಮತ್ತು ಈ ಭಾಗಕ್ಕೆ ವಿದ್ಯುತ್ ಪೂರೈಸುವ ಹೆಸ್ಕಾಂ ಮಾಡಬಹುದಾದ ಕೆಲಸವೂ ಇದೆ. ಗೃಹಜ್ಯೋತಿಯ ಮಿತಿಯೊಳಗೆ ಯೂನಿಟ್ ಉಳಿಸಿದ ಮನೆಗೆ ಈಗ ಏನೂ ಸಿಗುವುದಿಲ್ಲ, ಉಳಿದದ್ದೆಲ್ಲ ಸರ್ಕಾರದ ಖಾತೆಗೆ. ಉಳಿಸಿದ ಯೂನಿಟ್‌ನ ಹಣದಲ್ಲಿ ಒಂದು ಪಾಲನ್ನು ಆ ಮನೆಗೇ ದಕ್ಷ ಫ್ಯಾನ್ ರೂಪದಲ್ಲಿ ಕೊಟ್ಟರೆ ಬೊಕ್ಕಸಕ್ಕೂ ಲಾಭ. ವರ್ಷಕ್ಕೆ ಒಂದು ಫ್ಯಾನ್ 150 ಯೂನಿಟ್ ಉಳಿಸಿದರೂ ನಾಲ್ಕು ವರ್ಷದೊಳಗೆ ಅದರ ಬೆಲೆ ತೀರುತ್ತದೆ. ಬಲ್ಬಿನಲ್ಲಿ ಆದದ್ದು ಫ್ಯಾನ್‌ನಲ್ಲಿ ಆಗದಿರಲು ಕಾರಣವಿಲ್ಲ, ಸಗಟು ಖರೀದಿಗೆ ಯಾರಾದರೂ ಕೈಹಾಕಬೇಕು ಅಷ್ಟೇ. ಆ ಕೈ ನಮ್ಮದೇ ಆಗಬಹುದು. ಗದಗ ತಾಲ್ಲೂಕಿನ ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶಕ್ಕೇ ಮೊದಲನೆಯದೆನಿಸಿದ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು, ಬಿಂಕದಕಟ್ಟಿಗೆ ಹತ್ತಿರದ ಹುಲಕೋಟಿ ಸಹಕಾರದಿಂದಲೇ ಬೆಳೆಯಿತು. ಬೀಜ, ಗೊಬ್ಬರ ಒಟ್ಟಿಗೆ ತರಿಸುವ ಸಂಘಗಳು ಐನೂರು ಫ್ಯಾನ್ ಒಟ್ಟಿಗೆ ತರಿಸಬಹುದು. ತರಿಸುವ ಮೊದಲು ಒಂದನ್ನು ಸಂಘದ ಕಚೇರಿಯಲ್ಲೇ ತೂಗುಹಾಕಿ, ಮೀಟರ್‌ಗೆ ಜೋಡಿಸಿ, ಎಷ್ಟು ವಾಟ್ ಎಳೆಯುತ್ತದೆ ಎಂದು ಸದಸ್ಯರ ಎದುರೇ ಓದಿ ತೋರಿಸಬಹುದು. ಸೋಲಾರ್ ಬೇಕೆನ್ನುವ ಸದಸ್ಯರ ಹನ್ನೆರಡು ತಿಂಗಳ ಬಿಲ್ ಕೂಡಿಸಿ, ನಿಮಗೆ ಎಷ್ಟು ಕಿಲೋವಾಟ್ ಬೇಕು ಅಥವಾ ಬೇಡ ಎಂದು ಮಾರಾಟಗಾರನಲ್ಲದ ಒಬ್ಬರು ಹೇಳುವ ವ್ಯವಸ್ಥೆಯನ್ನೂ ಅಲ್ಲೇ ಮಾಡಬಹುದು. ಇದಕ್ಕೆ ಬೆಂಗಳೂರಿನಿಂದ ಆದೇಶ ಬರಬೇಕಾಗಿಲ್ಲ, ಸಂಘದ ಮುಂದಿನ ಸಭೆಯಲ್ಲಿ ಒಂದು ಠರಾವು ಮಾಡಿದರೆ ಸಾಕು.